ಕೆಂಪು ಶಾಯಿಗೂ ಮೊದಲು

ವಿಶ್ವವಿದ್ಯಾಲಯಗಳ ಗೇಟಿನೆದುರಿನ ಜೆರಾಕ್ಸ್ ಅಂಗಡಿಗಳಿಗೆ ಡಿಟಿಪಿ, ಸ್ಪೈರಲ್ ಬೈಂಡಿಂಗ್, ಥೀಸಿಸ್‌ಗೆ ರಟ್ಟು ಕಟ್ಟಿ ಬಂಗಾರದ ಅಕ್ಷರ ಒತ್ತುವುದು ಹಳೆಯ ಕಸುಬು. ಈಚೆಗೆ ಕೆಲವೆಡೆ ಇನ್ನೊಂದು ಸೇರಿಕೊಂಡಿದೆ: ‘ಪರ್ಸೆಂಟೇಜ್ ಇಳಿಸಿಕೊಡುವುದು’. ವಿದ್ಯಾರ್ಥಿ ಪೆನ್‌ಡ್ರೈವ್ ಕೊಟ್ಟು ಹೋದರೆ ಸಾಕು. ಬೇರೆಯವರ ಬರಹದೊಡನೆ ಹೊಂದುವ ಸಾಲುಗಳ ಪದಗಳನ್ನು ಒಂದೊಂದಾಗಿ ಕಿತ್ತು, ಅದೇ ಅರ್ಥದ ಬೇರೆ ಪದ ನೆಟ್ಟು, ಮೂವತ್ತೆಂಟು ಇದ್ದದ್ದನ್ನು ಒಂಬತ್ತಕ್ಕೆ ತರುತ್ತಾರೆ. ಆ ಕೆಲಸ ಮಾಡುವವರಿಗೆ ಸಸ್ಯಶಾಸ್ತ್ರವೂ ಗೊತ್ತಿರಬೇಕಿಲ್ಲ, ಅರ್ಥಶಾಸ್ತ್ರವೂ ಗೊತ್ತಿರಬೇಕಿಲ್ಲ.

ಹೀಗೆ ಪದ ಬದಲಿಸುವ ಚಾಳಿ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 2021ರಲ್ಲಿ ಗಿಯೋಮ್ ಕಬಾನಾಕ್, ಸಿರಿಲ್ ಲಾಬೆ, ಅಲೆಕ್ಸಾಂಡರ್ ಮಗಜಿನೊವ್ ಎಂಬ ಮೂವರು ತೋರಿಸಿಕೊಟ್ಟರು. ಅಚ್ಚಾಗಿ ಹೊರಬಂದ ವಿಜ್ಞಾನ ಲೇಖನಗಳಲ್ಲೇ ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಎನ್ನುವುದು ‘ಕೌಂಟರ್‌ಫಿಟ್ ಕಾನ್ಷಿಯಸ್‌ನೆಸ್’, ಅಂದರೆ ಖೋಟಾ ಪ್ರಜ್ಞೆ, ಆಗಿ ಕುಳಿತಿತ್ತು. ‘ಬ್ರೆಸ್ಟ್ ಕ್ಯಾನ್ಸರ್’ ಹೋಗಿ ‘ಬಾಸಮ್ ಪೆರಿಲ್’, ಎದೆಯ ಗಂಡಾಂತರ, ಬಂದಿತ್ತು. ಚಿತ್ರಹಿಂಸೆ ಅನುಭವಿಸಿದ ನುಡಿಗಟ್ಟುಗಳು ಎಂದೇ ಅವರು ಇವುಗಳಿಗೆ ಹೆಸರಿಟ್ಟರು. ನಗು ಬರುತ್ತದೆ. ಆದರೆ ಇದರ ಹಿಂದೆ ಕೆಲವೆಡೆಯಾದರೂ ಇರಬಹುದಾದವನು ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಸ್ವಂತವಾಗಿ ಬರೆಯಲು ಧೈರ್ಯವಿಲ್ಲದ ವಿದ್ಯಾರ್ಥಿ.

ಅವನ ಹೆದರಿಕೆಗೆ ಕಾನೂನಿನ ಕಾರಣವೂ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಪ್ರಬಂಧದಲ್ಲಿ ಶೇ. 10ರವರೆಗಿನ ಹೋಲಿಕೆಗೆ ಶಿಕ್ಷೆಯಿಲ್ಲ. 10 ದಾಟಿ 40ರೊಳಗಿದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60ರ ನಡುವೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ಮೀರಿದರೆ ನೋಂದಣಿಯೇ ರದ್ದು. ಮರುವರ್ಷ ಪಿಎಚ್.ಡಿ. ಕೋರ್ಸ್‌ವರ್ಕಿಗೆ ‘ಸಂಶೋಧನೆ ಮತ್ತು ಪ್ರಕಟಣೆಯ ನೀತಿ’ ಎಂಬ ಎರಡು ಕ್ರೆಡಿಟ್ಟಿನ ವಿಷಯವನ್ನು ಕಡ್ಡಾಯ ಮಾಡಲಾಯಿತು. ಮೂವತ್ತು ಗಂಟೆ, ಆರು ಘಟಕ: ತತ್ವಶಾಸ್ತ್ರ ಮತ್ತು ನೀತಿ, ವಿಜ್ಞಾನಿಯ ನಡವಳಿಕೆ, ಪ್ರಕಟಣೆಯ ನೀತಿ, ಮುಕ್ತ ಪ್ರಕಟಣೆ, ಪ್ರಕಟಣೆಯ ಅಕ್ರಮಗಳು, ಕೊನೆಗೆ ದತ್ತಾಂಶ ಕೋಶಗಳು ಮತ್ತು ಉಲ್ಲೇಖಗಳನ್ನು ಎಣಿಸುವ ಮಾಪಕಗಳು. ಕದಿಯಬಾರದು ಎಂದು ಹೇಳಲು ಗಂಟೆಗಳಿವೆ, ಎಣಿಸುವುದು ಹೇಗೆಂದು ಕಲಿಸಲು ಏಳು ಗಂಟೆ ಇದೆ. ಒಂದು ವಾದವನ್ನು ಹೂಡಿ ಬರೆಯುವುದು ಹೇಗೆ ಎಂಬುದಕ್ಕೆ ಒಂದು ಘಟಕವೂ ಇಲ್ಲ.

ಇಂಗ್ಲಿಷಿನಲ್ಲಿ ಬರೆಯಲು ಬಾರದಿರುವುದು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಅಂಟಿದ ಕಾಯಿಲೆ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಚರಿತ್ರೆ ಬೇರೆಯೇ ಹೇಳುತ್ತದೆ. ಹಾರ್ವರ್ಡ್ 1874ರಲ್ಲಿ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಪ್ರಬಂಧ ಬರೆಯಿಸಲು ಶುರುಮಾಡಿತು. ಬಂದವರಲ್ಲಿ ಹೆಚ್ಚಿನವರು ಅನುಕೂಲಸ್ಥ ಮನೆಗಳ ಹುಡುಗರು, ಇಂಗ್ಲಿಷೇ ಮನೆಮಾತು, ವಿಷಯ ಶೇಕ್ಸ್‌ಪಿಯರ್, ಸ್ಕಾಟ್ ಮುಂತಾದವರ ಕೃತಿಗಳು. ಕಾಗುಣಿತ, ವಿರಾಮಚಿಹ್ನೆ, ವಾಕ್ಯ ಯಾವುದೂ ನೆಟ್ಟಗಿಲ್ಲವೆಂದು ಪರೀಕ್ಷಕರು ತಲೆ ಚಚ್ಚಿಕೊಂಡರು. 1885ರ ಹೊತ್ತಿಗೆ ಮೊದಲ ವರ್ಷದವರಿಗೆ ‘ಇಂಗ್ಲಿಷ್ ಎ’ ಎಂಬ ಬರವಣಿಗೆಯ ತರಗತಿಯೇ ಬಂತು. ಆ ಮೊದಲ ಪರೀಕ್ಷೆಯಾಗಿ ನೂರು ವರ್ಷದ ಮೇಲೆ, 1975ರ ಡಿಸೆಂಬರಿನಲ್ಲಿ, ‘ನ್ಯೂಸ್‌ವೀಕ್’ ಪತ್ರಿಕೆ ಅಮೆರಿಕದ ಜಾನಿಗೆ ಬರೆಯಲು ಬರುವುದಿಲ್ಲವೇಕೆ ಎಂದು ಮುಖಪುಟದಲ್ಲೇ ಕೇಳಿತು. ಅಕಾಡೆಮಿಕ್ ಇಂಗ್ಲಿಷ್ ಯಾರ ತೊಟ್ಟಿಲ ಭಾಷೆಯೂ ಅಲ್ಲ. ಅದನ್ನು ಎಲ್ಲರೂ ಕಾಲೇಜಿಗೆ ಬಂದ ಮೇಲೆಯೇ ಕಲಿಯಬೇಕು. ಕೆಲವರು ಮೂರು ಮೈಲಿ ಮುಂದಿನಿಂದ ನಡಿಗೆ ಶುರುಮಾಡುತ್ತಾರೆ, ಅಷ್ಟೆ.

ಹಾಗೆ ಹಿಂದಿನಿಂದ ಹೊರಟವರನ್ನು ಮೊದಲ ಸಲ ಗಂಭೀರವಾಗಿ ಓದಿದವರು ನ್ಯೂಯಾರ್ಕಿನ ಸಿಟಿ ಕಾಲೇಜಿನ ಮೀನಾ ಶಾನೆಸಿ. 1970ರಲ್ಲಿ ಆ ನಗರದ ವಿಶ್ವವಿದ್ಯಾಲಯ ಹೈಸ್ಕೂಲು ಮುಗಿಸಿದ ಎಲ್ಲರಿಗೂ ಬಾಗಿಲು ತೆರೆಯಿತು. ಕಪ್ಪು ಜನರ, ವಲಸೆ ಬಂದವರ, ಕೂಲಿ ಕಾರ್ಮಿಕರ ಮಕ್ಕಳು ಬಂದರು. ಅವರ ಉತ್ತರಪತ್ರಿಕೆಗಳನ್ನು ಕಂಡ ಪ್ರಾಧ್ಯಾಪಕರು ಕೈಚೆಲ್ಲಿದರು. ಶಾನೆಸಿ ಮಾತ್ರ ಸುಮಾರು ನಾಲ್ಕು ಸಾವಿರ ಪ್ರಬಂಧಗಳನ್ನು ಮುಂದಿಟ್ಟುಕೊಂಡು, ತಪ್ಪುಗಳಿಗೂ ಒಂದು ಲೆಕ್ಕಾಚಾರ ಇರುತ್ತದೆಯೇ ಎಂದು ಹುಡುಕಿದರು. ಇತ್ತು. ಒಬ್ಬ ವಿದ್ಯಾರ್ಥಿ ಒಂದೇ ಬಗೆಯ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಾನೆಂದರೆ ಅವನ ತಲೆಯಲ್ಲಿ ಒಂದು ನಿಯಮ ಇದೆ. ಆ ನಿಯಮ ಬೇರೆ, ಅಷ್ಟೇ. ಅವರ ಪುಸ್ತಕ ಬಂದದ್ದು 1977ರಲ್ಲಿ, ಮರುವರ್ಷ ತೀರಿಕೊಂಡರು.

ಇದೇ ಕಣ್ಣಿನಿಂದ ಕನ್ನಡದ ಹುಡುಗಿಯೊಬ್ಬಳ ಉತ್ತರಪತ್ರಿಕೆ ನೋಡಬಹುದು. ‘ಟೆನ್ ಫಾರ್ಮರ್’ ಎಂದು ಬರೆದು ‘ಎಸ್’ ಬಿಟ್ಟಿದ್ದಾಳೆ. ಕನ್ನಡದಲ್ಲಿ ಹತ್ತು ಮರ, ನಾಲ್ಕು ಪುಸ್ತಕ ಎಂದರೆ ಸಾಕು. ಎಣಿಕೆ ಹೇಳಿಯಾದ ಮೇಲೆ ‘ಗಳು’ ಏಕೆ? ‘ದಿ’ ಹಾಕಬೇಕಾದಲ್ಲಿ ಹಾಕಿಲ್ಲ, ಬೇಡದಲ್ಲಿ ಹಾಕಿದ್ದಾಳೆ. ಕನ್ನಡದಲ್ಲಿ ಅಂಥ ಪದವೇ ಇಲ್ಲ. ನೋವಿನ ನಿಜವಾದ ಜಾಗ ಮಾತ್ರ ವಾಕ್ಯದ ಕಟ್ಟಿನಲ್ಲಿದೆ. ಕನ್ನಡದಲ್ಲಿ ವಿವರಣೆಯೆಲ್ಲ ನಾಮಪದದ ಮುಂದೆ ಬಂದು ಕೂರುತ್ತದೆ: ‘ಕಳೆದ ಮುಂಗಾರಿನಲ್ಲಿ ಗದಗದ ಮೂರು ಹಳ್ಳಿಗಳಲ್ಲಿ ಬಿತ್ತಿದ ಹೆಸರು’. ಇಂಗ್ಲಿಷಿನಲ್ಲಿ ಹೆಸರು ಮೊದಲು ಬರಬೇಕು, ಬಾಲ ಆಮೇಲೆ. ಜೊತೆಗೆ ಕನ್ನಡದಲ್ಲಿ ಒತ್ತಿ ಹೇಳಬೇಕಾದದ್ದು ಸಾಮಾನ್ಯವಾಗಿ ಕ್ರಿಯಾಪದಕ್ಕೆ ತಾಗಿ, ಅದರ ಮುಂಚೆ ನಿಲ್ಲುತ್ತದೆ. ಇಂಗ್ಲಿಷ್ ವಾಕ್ಯದ ಭಾರ ಬೀಳುವುದು ತೀರಾ ಕೊನೆಯಲ್ಲಿ. ಜಾರ್ಜ್ ಗೋಪೆನ್ ಮತ್ತು ಜುಡಿತ್ ಸ್ವಾನ್ 1990ರಲ್ಲಿ ‘ಅಮೆರಿಕನ್ ಸೈಂಟಿಸ್ಟ್’ ಪತ್ರಿಕೆಯಲ್ಲಿ ವಿಜ್ಞಾನಿಗಳಿಗೆ ಕೊಟ್ಟ ಸಲಹೆಯ ತಿರುಳು ಇದೇ: ಓದುಗನಿಗೆ ಆಗಲೇ ಗೊತ್ತಿರುವುದು ವಾಕ್ಯದ ಮೊದಲಿಗೆ, ಹೊಸತು ಕೊನೆಗೆ. ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲದ ಪ್ಯಾರಾ ಕೂಡ ಓದಲಾರದಷ್ಟು ಮೊದ್ದಾಗುವುದು ಈ ಸರದಿ ತಪ್ಪಿದಾಗ. ಕೆಂಪು ಶಾಯಿಯ ಮೇಷ್ಟ್ರಿಗೆ ಇದು ಕಾಣುವುದಿಲ್ಲ, ಏಕೆಂದರೆ ಗೆರೆ ಎಳೆಯಲು ತಪ್ಪು ಪದ ಯಾವುದೂ ಇರುವುದಿಲ್ಲ.

ಭಾಷೆ ಬೇರೆಯಾದರೆ ಯೋಚನೆಯ ದಾರಿಯೇ ಬೇರೆ ಎಂಬ ದೊಡ್ಡ ಮಾತನ್ನು ರಾಬರ್ಟ್ ಕಪ್ಲಾನ್ 1966ರಲ್ಲಿ ಆಡಿದ್ದರು. ಇಂಗ್ಲಿಷ್ ಪ್ಯಾರಾ ನೇರ ಗೆರೆ, ಪೂರ್ವ ದೇಶದವರದ್ದು ಸುರುಳಿ ಎಂದು ಚಿತ್ರವನ್ನೂ ಬರೆದರು. ಅದಕ್ಕೆ ಬಿದ್ದ ಪೆಟ್ಟುಗಳ ಪಟ್ಟಿ ಉದ್ದವಿದೆ. ಕಪ್ಲಾನ್ ಕೂಡ ಆಮೇಲೆ ಮಾತನ್ನು ಸಡಿಲಿಸಿದರು. ಬಿಟ್ಟು ಮುಂದೆ ಹೋಗಬಹುದು.

ನಿಲ್ಲಬೇಕಾದದ್ದು ಜಾನ್ ಸ್ವೇಲ್ಸ್ ಅವರ ಬಳಿ. ಲಿಬಿಯಾ, ಸೂಡಾನ್‌ಗಳಲ್ಲಿ ಇಂಗ್ಲಿಷ್ ಕಲಿಸಿ ಬಂದ ಈ ಮೇಷ್ಟ್ರು 1981ರಲ್ಲಿ ನಲವತ್ತೆಂಟು ಸಂಶೋಧನಾ ಲೇಖನಗಳ ಪೀಠಿಕೆಗಳನ್ನು ಮಾತ್ರ ತೆಗೆದುಕೊಂಡು ಸಾಲು ಸಾಲಾಗಿ ನೋಡಿದರು. ಭೌತಶಾಸ್ತ್ರವಾಗಲಿ, ವೈದ್ಯವಾಗಲಿ, ಸಮಾಜಶಾಸ್ತ್ರವಾಗಲಿ, ಪೀಠಿಕೆಗಳು ಹೆಚ್ಚುಕಡಿಮೆ ಒಂದೇ ನಡೆ ನಡೆಯುತ್ತಿದ್ದವು. 1990ರ ಹೊತ್ತಿಗೆ ಅದನ್ನು ಮೂರು ಹೆಜ್ಜೆಗಳಿಗೆ ಇಳಿಸಿದರು. ರೈತರ ಮಾತಿನಲ್ಲಿ ಹೇಳುವುದಾದರೆ, ಮೊದಲು ಹೊಲ ತೋರಿಸು, ಇಲ್ಲಿ ಯಾರು ಯಾರು ಉತ್ತಿದ್ದಾರೆ ಹೇಳು. ಆಮೇಲೆ ಬೀಳುಬಿದ್ದ ಪಟ್ಟಿ ತೋರಿಸು. ಕೊನೆಗೆ ಅಲ್ಲಿ ನಿನ್ನ ನೇಗಿಲು ಹೂಡು. ನಮ್ಮ ಥೀಸಿಸ್‌ಗಳ ಮೊದಲ ಅಧ್ಯಾಯದಲ್ಲಿ ಹೆಚ್ಚಾಗಿ ಸಿಗುವುದು ಮೊದಲನೆಯ ಹೆಜ್ಜೆ, ಅದೂ ನಲವತ್ತು ಪುಟ: ಇವರು ಹೀಗೆಂದರು, ಅವರು ಹಾಗೆಂದರು, ಇನ್ನೊಬ್ಬರು ಮತ್ತೊಂದು ಹೇಳಿದರು. ಬೀಳು ಎಲ್ಲಿದೆ ಎಂಬ ಸಾಲೇ ಇರುವುದಿಲ್ಲ. ಅದು ಇಂಗ್ಲಿಷಿನ ಕೊರತೆಯಲ್ಲ. ದೊಡ್ಡವರು ಬಿಟ್ಟದ್ದನ್ನು ತೋರಿಸಲು ವಿದ್ಯಾರ್ಥಿಗೆ ಯಾರೂ ಅಪ್ಪಣೆ ಕೊಟ್ಟಿಲ್ಲ.

ಸ್ವೇಲ್ಸ್ ಮತ್ತು ಕ್ರಿಸ್ಟೀನ್ ಫೀಕ್ ಸೇರಿ 1994ರಲ್ಲಿ ಹೊರತಂದ ಪಠ್ಯ ಮಿಷಿಗನ್ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ತರಗತಿಗಳಲ್ಲಿ ಹುಟ್ಟಿದ್ದು. ವಿದ್ಯಾರ್ಥಿ ತನ್ನ ವಿಷಯದ ಲೇಖನಗಳನ್ನು ತಾನೇ ಬಿಚ್ಚಿ ನೋಡಬೇಕು ಎಂಬುದು ಅದರ ಪಟ್ಟು. ಈ ದಾರಿಯಲ್ಲಿ ಬೇರೆಯವರೂ ಉಪಯುಕ್ತ ಸಾಮಾನು ಕೂಡಿಸಿದ್ದಾರೆ. ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ 35 ಲಕ್ಷ ಪದಗಳ ಬರಹರಾಶಿಯನ್ನು ಜಾಲಿಸಿ, ಯಾವ ವಿಷಯವಾದರೂ ಬೇಕಾಗುವ 570 ಪದಕುಟುಂಬಗಳ ಪಟ್ಟಿಯನ್ನು 2000ದಲ್ಲಿ ಕೊಟ್ಟರು. ಅಕಾಡೆಮಿಕ್ ಪುಟವೊಂದರ ಹತ್ತರಲ್ಲಿ ಒಂದು ಪದ ಈ ಪಟ್ಟಿಯದ್ದು. ಮ್ಯಾಂಚೆಸ್ಟರಿನ ಜಾನ್ ಮಾರ್ಲಿ ವಾಕ್ಯದ ಅಚ್ಚುಗಳ ‘ಫ್ರೇಸ್‌ಬ್ಯಾಂಕ್’ ಕಟ್ಟಿದರು. ಇದು ನಕಲಲ್ಲವೇ ಎಂದು ಕೇಳುವವರಿದ್ದಾರೆ. ಮೊಸರಿಗೆ ಹೆಪ್ಪು ಪಕ್ಕದ ಮನೆಯಿಂದ ತಂದರೆ ಮೊಸರು ಪಕ್ಕದ ಮನೆಯದ್ದಾಗುವುದಿಲ್ಲ.

ಜೆರಾಲ್ಡ್ ಗ್ರಾಫ್ ಮತ್ತು ಕ್ಯಾಥಿ ಬರ್ಕೆನ್‌ಸ್ಟೈನ್ 2006ರಲ್ಲಿ ಅಂಥದೇ ಅಚ್ಚುಗಳ ಒಂದು ಸಣ್ಣ ಪುಸ್ತಕ ಮಾಡಿದರು. ಬೇರೆಯವರು ಏನು ಹೇಳುತ್ತಾರೆಂದು ನ್ಯಾಯವಾಗಿ ಹೇಳಿ, ಆಮೇಲೆ ನಿನ್ನ ಮಾತು ಹೇಳು ಎಂಬುದು ಅದರ ಸೂತ್ರ. ಪೂರ್ವಪಕ್ಷ, ಸಿದ್ಧಾಂತ ಎಂಬ ಪದಗಳನ್ನು ಕೇಳಿ ಬೆಳೆದ ನಾಡಿನಲ್ಲಿ ಇದನ್ನು ಹೊಸ ಅಮೆರಿಕನ್ ತಂತ್ರವೆಂದು ಕಲಿಸುವುದು ತಮಾಷೆ. ಕನ್ನಡದ ಹುಡುಗರ ಬಳಿ ಇನ್ನೂ ಒಂದು ಬಂಡವಾಳವಿದೆ. ‘ಮಳೆ ಬಂತು’, ‘ಮಳೆ ಬಂತಂತೆ’, ‘ಮಳೆ ಬಂದಿರಬೇಕು’, ‘ಮಳೆ ಬಂದಿರಬಹುದು’, ‘ಮಳೆ ಬಂತೇನೋ’: ಕಂಡದ್ದಕ್ಕೂ ಕೇಳಿದ್ದಕ್ಕೂ ಊಹಿಸಿದ್ದಕ್ಕೂ ಬೇರೆ ಬೇರೆ ರೂಪವನ್ನು ಐದು ವರ್ಷದ ಮಗು ತಪ್ಪಿಲ್ಲದೆ ಬಳಸುತ್ತದೆ. ಸಂಶೋಧಕರು ತಮ್ಮ ಮಾತಿಗೆ ಎಷ್ಟು ಬಲ ಕೊಡುತ್ತಾರೆ, ಎಲ್ಲಿ ತಗ್ಗಿ ನುಡಿಯುತ್ತಾರೆ ಎಂದು ಕೆನ್ ಹೈಲೆಂಡ್ ಅವರಂಥ ವಿದ್ವಾಂಸರು ಗ್ರಂಥಗಳನ್ನೇ ಬರೆದಿದ್ದಾರೆ. ‘ಸಜೆಸ್ಟ್ಸ್’, ‘ಕ್ಲೈಮ್ಸ್’, ‘ಪ್ರೂವ್ಸ್’ ಇವುಗಳ ಅಂತರವನ್ನು ಈ ‘ಅಂತೆ’, ‘ಬಹುದು’ಗಳ ಮೂಲಕ ಹೇಳಿಕೊಟ್ಟರೆ ಹತ್ತು ನಿಮಿಷದ ಪಾಠ. ಹಾಗೆ ಕಲಿಸುವ ತರಗತಿಗಳು ವಿರಳ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಬಾಯಿಗೆ ಬಂದರೆ ತಪ್ಪಾಯಿತೆನ್ನುವ ಸಂಕೋಚ ಮೇಷ್ಟ್ರಿಗೇ ಇದೆ.

ಇನ್ನು ಕೆಂಪು ಶಾಯಿ. 1996ರಲ್ಲಿ ತೈವಾನಿನಲ್ಲಿ ಪಾಠ ಮಾಡುತ್ತಿದ್ದ ಜಾನ್ ಟ್ರಸ್ಕಾಟ್, ಎರಡನೆಯ ಭಾಷೆಯಲ್ಲಿ ಬರೆಯುವವರ ವ್ಯಾಕರಣ ತಿದ್ದುವುದರಿಂದ ಪ್ರಯೋಜನವಿಲ್ಲ, ಕೆಡುಕೇ ಉಂಟು, ಬಿಟ್ಟುಬಿಡಿ ಎಂದು ಬರೆದರು. ಮೂರು ವರ್ಷದ ಮೇಲೆ ಡಾನಾ ಫೆರಿಸ್ ಉತ್ತರ ಕೊಟ್ಟರು: ಅಷ್ಟು ಅವಸರ ಬೇಡ, ತಿದ್ದುಪಡಿಯಲ್ಲೂ ಬಗೆಗಳಿವೆ. ಈ ಜಗಳ ಹತ್ತಾರು ವರ್ಷ ನಡೆಯಿತು, ಒಳ್ಳೆಯ ಫಲವನ್ನೂ ಕೊಟ್ಟಿತು. ನ್ಯೂಜಿಲೆಂಡಿನ ಜಾನ್ ಬಿಚನರ್ ಎಲ್ಲವನ್ನೂ ತಿದ್ದುವ ಬದಲು ಒಂದೇ ಒಂದು ಸಂಗತಿ ಹಿಡಿದರು: ಮೊದಲ ಸಲ ಹೇಳುವಾಗ ‘ಎ’, ಅದನ್ನೇ ಮತ್ತೆ ಹೇಳುವಾಗ ‘ದಿ’. ಅಷ್ಟಕ್ಕೆ ಸೀಮಿತವಾದ ತಿದ್ದುಪಡಿ ತಿಂಗಳುಗಳ ಮೇಲೂ ಉಳಿದಿತ್ತು. ಪುಟದ ತುಂಬ ನಲವತ್ತು ಕೆಂಪು ಗುರುತು ಹಾಕಿದರೆ ವಿದ್ಯಾರ್ಥಿ ನೋಡುವುದು ಕೊನೆಯ ಅಂಕಿಯನ್ನು ಮಾತ್ರ ಎಂಬುದು ಪೇಪರ್ ತಿದ್ದಿದ ಯಾರಿಗೂ ಗೊತ್ತಿರುವ ಸತ್ಯ.

ಅಮೆರಿಕದ ವಿಶ್ವವಿದ್ಯಾಲಯಗಳು ಕಂಡುಕೊಂಡ ಇನ್ನೊಂದು ದಾರಿ ಬರವಣಿಗೆ ಕೇಂದ್ರ. ಪರ್ಡ್ಯೂದಲ್ಲಿ ಮ್ಯೂರಿಯಲ್ ಹ್ಯಾರಿಸ್ 1976ರಲ್ಲಿ ಶುರುಮಾಡಿದ ‘ರೈಟಿಂಗ್ ಲ್ಯಾಬ್’ 1994ರಲ್ಲಿ ಅಂತರಜಾಲಕ್ಕೂ ಬಂತು. ಇವತ್ತು ಧಾರವಾಡದ ಹಾಸ್ಟೆಲ್ಲಿನಲ್ಲಿ ಕೂತು ಉಲ್ಲೇಖ ಬರೆಯುವ ಕ್ರಮ ನೋಡುವವರೂ ಅಲ್ಲಿಗೇ ಹೋಗುತ್ತಾರೆ. ಕೇಂದ್ರವೆಂದರೆ ಪಂಕ್ಚರ್ ಅಂಗಡಿಯಲ್ಲ, ಅಲ್ಲಿ ದುರಸ್ತಿಯಾಗಬೇಕಾದದ್ದು ಕಾಗದವಲ್ಲ, ಬರೆಯುವ ವ್ಯಕ್ತಿ ಎಂದು ಸ್ಟೀಫನ್ ನಾರ್ತ್ 1984ರಲ್ಲಿ ಸಿಟ್ಟಿನಿಂದಲೇ ವಾದಿಸಿದರು. ಆದ್ದರಿಂದ ಅಲ್ಲಿನ ಟ್ಯೂಟರ್ ಪೆನ್ನು ಮುಟ್ಟುವುದಿಲ್ಲ. ‘ಗಟ್ಟಿಯಾಗಿ ಓದು, ನಿನಗೇ ಕೇಳಿಸುತ್ತದೆ’ ಎನ್ನುತ್ತಾರೆ. ಮನೆಮಾತು ಇಂಗ್ಲಿಷ್ ಆದವರಿಗೆ ಕೇಳಿಸುತ್ತದೆ, ನಿಜ. ಚೀನಾದಿಂದಲೋ ಚಿಂತಾಮಣಿಯಿಂದಲೋ ಬಂದವರಿಗೆ ಏನೂ ಕೇಳಿಸುವುದಿಲ್ಲ. ಇಂಥವರಿಗೆ ನೇರವಾಗಿ ಹೇಳಿಕೊಡಬೇಕು ಎಂದು 1990ರ ದಶಕದಲ್ಲಿ ಹ್ಯಾರಿಸ್ ಅವರಂಥವರೇ ಒಪ್ಪಿಕೊಳ್ಳಬೇಕಾಯಿತು. ಭಾರತದಲ್ಲಿ ಸೋನಿಪತ್‌ನ ಅಶೋಕ ವಿಶ್ವವಿದ್ಯಾಲಯದಂಥ ಕೆಲವು ಖಾಸಗಿ ಸಂಸ್ಥೆಗಳು ಇಂಥ ಕೇಂದ್ರ ಇಟ್ಟುಕೊಂಡಿವೆ. ಫೀಸು ಕಟ್ಟಿದವರಿಗೆ ಸಿಗುತ್ತದೆ.

ಸರ್ಕಾರಿ ಕಾಲೇಜಿನ ಗಣಿತ ಬೇರೆ. ಅರವತ್ತು ವಿದ್ಯಾರ್ಥಿಗಳ ಒಂದು ತರಗತಿ, ಒಬ್ಬೊಬ್ಬರದೂ ಮೂರು ಪುಟದ ಅಸೈನ್‌ಮೆಂಟ್, ತಲಾ ಹದಿನೈದು ನಿಮಿಷ ಓದಿ ಮಾತಾಡಿದರೆ ಹದಿನೈದು ಗಂಟೆ. ಎರಡನೆಯ ಕರಡು ತರಿಸಿದರೆ ಮೂವತ್ತು. ಅತಿಥಿ ಉಪನ್ಯಾಸಕರಿಗೆ ಆ ಗಂಟೆಗಳ ಸಂಬಳ ಕೊಡುವವರು ಯಾರು? ಆದ್ದರಿಂದ ಸುಲಭದ ಹಾದಿ ಹುಡುಕಲಾಗುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಇಂಗ್ಲಿಷಿನಲ್ಲಿ ವೃತ್ತಿಪರ ಬರವಣಿಗೆಗೆಂದೇ ಒಂದು ಕ್ರೆಡಿಟ್ಟಿನ ವಿಷಯವಿದೆ, ಒಳ್ಳೆಯದೇ. ಅದರ ಸೆಮಿಸ್ಟರ್ ಕೊನೆಯ ಪರೀಕ್ಷೆ ಮಾತ್ರ ಬಹು ಆಯ್ಕೆಯ ಪ್ರಶ್ನೆಗಳದ್ದು. ಬರೆಯದೆಯೇ ಬರವಣಿಗೆಯಲ್ಲಿ ಪಾಸಾಗಬಹುದು.

ಬೆಂಗಳೂರಿಗೆ ಈ ವಿಚಾರದಲ್ಲಿ ಬೇರೊಂದು ಚರಿತ್ರೆಯೂ ಇದೆ, ಊರು ಅದನ್ನು ಮರೆತಂತಿದೆ. ಇಲ್ಲಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆಗೂಡಿ ಎನ್.ಎಸ್. ಪ್ರಭು 1979ರಿಂದ ಐದು ವರ್ಷ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣ ಪಾಠ ಬದಿಗಿಟ್ಟು ಮಕ್ಕಳಿಗೆ ರೈಲ್ವೆ ವೇಳಾಪಟ್ಟಿ, ನಕ್ಷೆಗಳಂಥವನ್ನು ಕೊಟ್ಟು ಲೆಕ್ಕ ಬಿಡಿಸಿ ಎಂದರು. ಮನಸ್ಸು ಅರ್ಥದ ಮೇಲಿದ್ದಾಗ ಭಾಷೆ ತಾನಾಗಿ ಹತ್ತುತ್ತದೆ ಎಂಬುದು ಅವರ ನಂಬಿಕೆ. ಜಗತ್ತಿನ ಭಾಷಾ ಬೋಧನೆಯ ಪುಸ್ತಕಗಳಲ್ಲಿ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಅದಕ್ಕೆ ಹೆಸರು. ಪ್ರಯೋಗ ಶಾಲೆಯದಾದರೂ ಅದರ ಪಾಠ ವಿಶ್ವವಿದ್ಯಾಲಯಕ್ಕೆ ಹೆಚ್ಚು ಒಗ್ಗುತ್ತದೆ: ಮಣ್ಣಿನ ಪರೀಕ್ಷೆಯ ವರದಿ ಬರೆಯಲು ಕಲಿಸಬೇಕಾದವರು ಮಣ್ಣು ಬಲ್ಲ ಮೇಷ್ಟ್ರು, ಇಂಗ್ಲಿಷ್ ವಿಭಾಗದ ಮೇಷ್ಟ್ರು ಅವರಿಗೆ ಜೊತೆಗಾರ.

ನಕಲಿನ ಪ್ರಶ್ನೆಯೂ ಹೀಗೆ ನೋಡಿದರೆ ಬಣ್ಣ ಬದಲಿಸುತ್ತದೆ. ಮೂಲದ ವಾಕ್ಯ ಇಟ್ಟುಕೊಂಡು ಅಲ್ಲಲ್ಲಿ ಪದ ತೆಗೆದು ಹಾಕುವ ಬರಹಕ್ಕೆ ರೆಬೆಕ್ಕಾ ಹೊವಾರ್ಡ್ 1990ರ ದಶಕದಲ್ಲಿ ತೇಪೆ ಬರಹ ಎಂಬರ್ಥದ ಹೆಸರು ಕೊಟ್ಟರು. ಇದು ಕಳ್ಳತನಕ್ಕಿಂತ ಹೆಚ್ಚಾಗಿ ಕಲಿಕೆಯ ಒಂದು ಘಟ್ಟ ಎಂಬುದು ಅವರ ವಾದ. ಬ್ರಿಟನ್ನಿನಲ್ಲಿ ಓದುತ್ತಿದ್ದ ವಿದೇಶಿ ವಿದ್ಯಾರ್ಥಿಗಳ ಪ್ರಬಂಧಗಳನ್ನು ಮೂಲಗಳ ಜೊತೆ ಇಟ್ಟು ನೋಡಿದ ಡಯೇನ್ ಪೆಕೊರಾರಿ ಕೂಡ 2003ರಲ್ಲಿ ಮೋಸ ಮಾಡುವ ಉದ್ದೇಶ ಕಾಣಲಿಲ್ಲವೆಂದರು. ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆಗಳ ತುಂಡು ಸೇರಿಸಿ ಕೌದಿ ಹೊಲಿಯುತ್ತಾರೆ; ಯಾವ ತುಂಡು ಯಾರ ಸೀರೆಯದ್ದು ಎಂದು ಕೇಳಿದರೆ ಹೇಳುತ್ತಾರೆ. ವಿದ್ಯಾರ್ಥಿಗೆ ಕಲಿಸಬೇಕಾದದ್ದು ಅದನ್ನೇ. ಶೇಕಡಾವಾರು ಎಣಿಸುವ ಸಾಫ್ಟ್‌ವೇರಿಗೆ ಕೌದಿಯೂ ಒಂದೇ, ಕದ್ದ ಸೀರೆಯೂ ಒಂದೇ.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ಆಟವೇ ಬದಲಾಯಿತೆಂದು ಹೇಳಲಾಗುತ್ತದೆ. ಅರ್ಧ ನಿಜ. ಯಂತ್ರದ ಬರಹ ಹಿಡಿಯುತ್ತೇವೆಂದು ಬಂದ ಏಳು ಸಾಫ್ಟ್‌ವೇರುಗಳಿಗೆ ಸ್ಟ್ಯಾನ್‌ಫರ್ಡಿನ ತಂಡವೊಂದು 2023ರಲ್ಲಿ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧಗಳನ್ನು ತಿನ್ನಿಸಿತು. ಎಲ್ಲವೂ ಇಂಗ್ಲಿಷ್ ಮನೆಮಾತಲ್ಲದ ಮನುಷ್ಯರು ಬರೆದವು. ಸರಾಸರಿ ಶೇ. 61ರಷ್ಟನ್ನು ಯಂತ್ರದ್ದೆಂದು ಅವು ದೂರಿದವು. ಸರಳ ಪದ, ಪರಿಚಿತ ವಾಕ್ಯ ಕಂಡರೆ ಅವುಗಳಿಗೆ ಅನುಮಾನ. ಅದೇ ಪ್ರಬಂಧಗಳನ್ನು ಚಾಟ್‌ಜಿಪಿಟಿಗೆ ಕೊಟ್ಟು ಶಬ್ದಾಡಂಬರ ತುಂಬಿಸಿದಾಗ ಆರೋಪ ಇಳಿಯಿತು! ಅದೇ ವರ್ಷದ ಆಗಸ್ಟಿನಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ, ನಕಲು ಹಿಡಿಯುವ ಸಾಫ್ಟ್‌ವೇರಿನ ಕಂಪನಿಯಾದ ಟರ್ನಿಟಿನ್‌ನ ಇಂಥ ಪತ್ತೆ ಸಾಧನವನ್ನು ನಿಲ್ಲಿಸಿಬಿಟ್ಟಿತು.

ಇಂಗ್ಲಿಷ್ ತಿದ್ದಿಕೊಡುವ ಯಂತ್ರ ಕೈಗೆ ಸಿಕ್ಕಿದ್ದು ಕೆಟ್ಟದ್ದೇ ಎಂದು ಹೇಳಲೂ ಬಾಯಿ ಬರುವುದಿಲ್ಲ. ತತ್ಸುಯಾ ಅಮಾನೊ ಮತ್ತು ಸಂಗಡಿಗರು ಎಂಟು ದೇಶಗಳ 908 ಪರಿಸರ ವಿಜ್ಞಾನಿಗಳನ್ನು ಕೇಳಿ 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಇಂಗ್ಲಿಷ್ ಮನೆಮಾತಲ್ಲದವರ ಲೇಖನ ಭಾಷೆಯ ಕಾರಣಕ್ಕೆ ತಿರಸ್ಕೃತವಾಗುವುದು ಉಳಿದವರಿಗಿಂತ ಎರಡೂವರೆ ಪಟ್ಟು ಹೆಚ್ಚು. ಇಂಗ್ಲಿಷ್ ತಿದ್ದಿ ತನ್ನಿ ಎಂದು ಹೇಳಿಸಿಕೊಳ್ಳುವುದು ಹನ್ನೆರಡೂವರೆ ಪಟ್ಟು. ಈ ತೆರಿಗೆಯನ್ನು ಯಂತ್ರ ಒಂದಿಷ್ಟು ಇಳಿಸಿದರೆ ಒಳ್ಳೆಯದೇ. ಆದರೆ ಅದು ತೆಗೆಯುವುದು ಕೆಂಪು ಶಾಯಿಯ ಕೆಲಸವನ್ನು ಮಾತ್ರ. ಬೀಳುಬಿದ್ದ ಪಟ್ಟಿ ಎಲ್ಲಿದೆ ಎಂದು ಹೊಲ ಸುತ್ತದ ಯಂತ್ರಕ್ಕೆ ಗೊತ್ತಾಗದು. ಕೇಳಿದರೆ ಇದೆ ಎಂದೇ ಹೇಳುತ್ತದೆ, ಅದೂ ಚಂದದ ಇಂಗ್ಲಿಷಿನಲ್ಲಿ.

ಹೆಚ್ಚು ಖರ್ಚಿಲ್ಲದ ಒಂದು ಕೆಲಸ ಈಗಿರುವ ಮೂವತ್ತು ಗಂಟೆಯ ಕೋರ್ಸ್‌ವರ್ಕಿನಲ್ಲೇ ಸಾಧ್ಯ. ಎಣಿಕೆಯ ಏಳು ಗಂಟೆಗಳಿಂದ ಮೂರು ತೆಗೆದು, ವಿದ್ಯಾರ್ಥಿಗಳೇ ತಮ್ಮ ವಿಷಯದ ಐದು ಲೇಖನ ತಂದು ಪೀಠಿಕೆಯ ಮೂರು ಹೆಜ್ಜೆಗಳಿಗೆ ಮೂರು ಬಣ್ಣದ ಗೆರೆ ಎಳೆಯಲಿ; ಆಮೇಲೆ ತಮ್ಮದಕ್ಕೂ ಎಳೆಯಲಿ. ಚರ್ಚೆ ಕನ್ನಡದಲ್ಲಿ, ಕರಡು ಇಂಗ್ಲಿಷಿನಲ್ಲಿ.

ಚರ್ಚೆ ಕನ್ನಡದಲ್ಲಿ ಏಕೆ ಎಂಬುದು ಯಾವ ಗೈಡ್‌ಗೂ ಗೊತ್ತಿರುವ ಸಂಗತಿ. ಮೂರನೆಯ ಅಧ್ಯಾಯ ಹಿಡಿದು ಬಂದ ವಿದ್ಯಾರ್ಥಿಯನ್ನು ಚೇಂಬರಿನಲ್ಲಿ ಕೂರಿಸಿ, ಪುಟ ಮುಚ್ಚಿಸಿ, ‘ಏನಪ್ಪಾ ಕಂಡುಹಿಡಿದಿದ್ದೀಯ, ಹೇಳು’ ಎಂದರೆ, ಅವನು ತಡವರಿಸದೆ ಐದು ನಿಮಿಷ ಹೇಳುತ್ತಾನೆ: ಹಿಂದಿನವರು ಏನು ನೋಡಿದ್ದರು, ಎಲ್ಲಿ ಎಡವಿದರು, ತಾನು ನೋಡಿದ್ದೇನು. ‘ಇಷ್ಟು ಚೆನ್ನಾಗಿ ಹೇಳ್ತೀಯಲ್ಲೋ, ಇದು ಒಂದು ಸಾಲೂ ಇಲ್ಲಿ ಇಲ್ವಲ್ಲ?’ ಎಂದು ಗೈಡ್ ಕೇಳಿದಾಗ ಅವನು ಅರೆಕ್ಷಣ ಸುಮ್ಮನಿದ್ದು ಕೇಳುವುದು ಒಂದೇ ಮಾತು:

‘ಥೀಸಿಸ್‌ನಲ್ಲಿ ಹಾಗೆ ಬರೀಬಹುದಾ ಸರ್?’